ಫೀಟ್‌ಗಳ ಪಟ್ಟಿ ಉದ್ದವಾದ ಮಾತ್ರಕ್ಕೆ ಆಯ್ಕೆ ಹೆಚ್ಚುವುದಿಲ್ಲ

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕುಳಿತು ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಹೊಸಬರಿಗೆ ಒಳ್ಳೆಯ ಪರಿಚಯ. ಆದರೆ ಅದರಲ್ಲಿನ ಒಂದು ಮಾತನ್ನು ಒಪ್ಪುವುದು ಕಷ್ಟ. ಹಳೆಯ ಆಟಗಳಲ್ಲಿ ಆಟಗಾರರಿಗೆ ಆಯ್ಕೆಯೇ ಇರಲಿಲ್ಲ, ಈಗ ನೂರಾರು ಫೀಟ್‌ಗಳು (ಪಾತ್ರ ಬೆಳೆದಂತೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳು) ಬಂದು ಸ್ವಾತಂತ್ರ್ಯ ಸಿಕ್ಕಿದೆ ಎನ್ನುತ್ತದೆ ಲೇಖನ.

1974ರ ಮೊದಲ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ ಪಾತ್ರದ ಶಕ್ತಿ, ಬುದ್ಧಿ ಮೊದಲಾದ ಆರು ಗುಣಗಳಿಗೂ ಮೂರು ಮೂರು ದಾಳ ಉರುಳಿಸಿ, ಬಿದ್ದ ಅಂಕವನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕಿತ್ತು, ನಿಜ. ಒಂದು ಗುಣಕ್ಕೆ 18 ಬೀಳುವ ಸಾಧ್ಯತೆ 216ರಲ್ಲಿ ಒಂದು. ಆದರೆ ಆ ಅಂಕಗಳಿಂದ ಆಟದಲ್ಲಿ ಆಗುತ್ತಿದ್ದ ವ್ಯತ್ಯಾಸವೂ ಕಡಿಮೆಯೇ. ಪಂಜು ಎಷ್ಟು ಉಳಿದಿದೆ, ಇನ್ನೊಂದು ಕೋಣೆ ನೋಡುವುದೋ ಹಿಂತಿರುಗುವುದೋ, ಎದುರಾದ ಗುಂಪಿನ ಜೊತೆ ಹೊಡೆದಾಡುವುದೋ ಮಾತಾಡುವುದೋ ಎಂಬಲ್ಲೇ ಆಯ್ಕೆ ಇತ್ತು.

2000ದಲ್ಲಿ ಬಂದ ಅದೇ ಆಟದ ಮೂರನೇ ಆವೃತ್ತಿ ಫೀಟ್‌ಗಳನ್ನು ತಂದಿತು. ಸುತ್ತ ನಿಂತ ಎಲ್ಲ ಶತ್ರುಗಳಿಗೂ ಒಂದೇ ಸರದಿಯಲ್ಲಿ ಏಟು ಕೊಡುವ ವರ್ಲ್‌ವಿಂಡ್ ಅಟ್ಯಾಕ್ ಬೇಕೆಂದರೆ ಮೊದಲು ನಾಲ್ಕು ಬೇರೆ ಫೀಟ್‌ಗಳು, ಜೊತೆಗೆ ಡೆಕ್ಸ್‌ಟೆರಿಟಿ (ಚುರುಕುತನ) 13, ಇಂಟೆಲಿಜೆನ್ಸ್ (ಬುದ್ಧಿ) 13 ಇರಲೇಬೇಕಿತ್ತು. ಫೀಟ್ ಸಿಗುತ್ತಿದ್ದುದು 1, 3, 6, 9, 12ನೇ ಲೆವೆಲ್‌ಗಳಲ್ಲಿ. ಫೈಟರ್ ಎಂಬ ಯೋಧ ಪಾತ್ರಕ್ಕೆ ಸಿಗುವ ಹೆಚ್ಚುವರಿ ಫೀಟ್ ಆಗಲಿ, ಮನುಷ್ಯ ಪಾತ್ರಕ್ಕೆ ಸಿಗುವ ಒಂದು ಆಗಲಿ ಇಲ್ಲದವರು ಅಲ್ಲಿಗೆ ಮುಟ್ಟುವುದು 12ನೇ ಲೆವೆಲ್‌ನಲ್ಲಿ. ಮೊದಲ ದಿನ ಇಂಟೆಲಿಜೆನ್ಸ್‌ಗೆ 12 ಬರೆದುಕೊಂಡು ಮುಂದೆಯೂ ಅದನ್ನು ಏರಿಸದವರು ತಿಂಗಳುಗಟ್ಟಲೆ ಆಡಿದ ಮೇಲೆ ಬಾಗಿಲು ಮುಚ್ಚಿದ್ದನ್ನು ಕಾಣುತ್ತಿದ್ದರು. ಪಟ್ಟಿ ಉದ್ದವಿತ್ತು, ಆರಿಸುವ ಕೆಲಸ ಮಾತ್ರ ಬಹುಪಾಲು ಮೊದಲ ದಿನವೇ, ಏನೂ ತಿಳಿಯದಿರುವಾಗಲೇ ಮುಗಿದುಹೋಗುತ್ತಿತ್ತು.

ಐದನೇ ಆವೃತ್ತಿ ಈ ಸರಪಳಿಗಳನ್ನು ಬಹುಮಟ್ಟಿಗೆ ಕಡಿದುಹಾಕಿತು. ಆದರೂ ಎಡವಿ ಬೀಳುವ ಗುಂಡಿಗಳು ಉಳಿದಿವೆ. ದಾಳದ ಬದಲು ಪಾಯಿಂಟ್ ಕೊಟ್ಟು ಗುಣಗಳ ಅಂಕ ಕೊಳ್ಳುವ ಪಾಯಿಂಟ್ ಬೈ ಪದ್ಧತಿಯಲ್ಲಿ 27 ಪಾಯಿಂಟ್ ಕೈಯಲ್ಲಿರುತ್ತದೆ. ಪ್ರತಿ ಗುಣವೂ 8ರಿಂದ ಶುರು, 13ರವರೆಗೆ ಒಂದೊಂದು ಅಂಕಕ್ಕೆ ಒಂದೊಂದು ಪಾಯಿಂಟ್, ಆಮೇಲೆ ಎರಡೆರಡು. 14ಕ್ಕೆ ಒಟ್ಟು 7, 15ಕ್ಕೆ 9. ದಾಳಕ್ಕೆ ಸೇರಿಸುವ ಅಂಕವಾದ ಮಾಡಿಫೈಯರ್ ಏರುವುದು ಸಮಸಂಖ್ಯೆಗಳಲ್ಲಿ ಮಾತ್ರ, ಅಂದರೆ 14ಕ್ಕೂ +2, 15ಕ್ಕೂ +2. ಹಾಗಾಗಿ ಮುಂದೆ +1 ಬಂದು ಸೇರುತ್ತದೆ ಎಂಬ ಲೆಕ್ಕವಿಲ್ಲದೆ 15 ಕೊಂಡರೆ ಎರಡು ಪಾಯಿಂಟ್ ನೀರಿಗೆ ಹಾಕಿದಂತೆ. ಆ ಎರಡನ್ನು ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ಗಟ್ಟಿತನ) ಹಾಕುವುದು ಜಾಣತನ. ಕಾನ್‌ಸ್ಟಿಟ್ಯೂಷನ್ 10 ಇರುವ ವಿಜಾರ್ಡ್‌ಗೆ (ಮಂತ್ರವಾದಿಗೆ) 5ನೇ ಲೆವೆಲ್‌ನಲ್ಲಿ, ದಾಳ ಉರುಳಿಸದೆ ನಿಗದಿತ ಅಂಕ ತೆಗೆದುಕೊಂಡರೆ, 22 ಹಿಟ್ ಪಾಯಿಂಟ್ (ಏಟು ತಡೆಯುವ ಜೀವಬಲ). ಆ ಎರಡರ ಜೊತೆ ಇನ್ನೂ ಮೂರು ಪಾಯಿಂಟ್ ಸೇರಿಸಿ 14 ಮಾಡಿಕೊಂಡರೆ 32. ಫೈರ್‌ಬಾಲ್ ಮಂತ್ರ ಸರಾಸರಿ 28 ಹಾನಿ ಮಾಡುವ ಆಟದಲ್ಲಿ ಈ ಹತ್ತು ಸಣ್ಣದಲ್ಲ.

ಮಲ್ಟಿಕ್ಲಾಸ್, ಅಂದರೆ ಒಂದೇ ಪಾತ್ರಕ್ಕೆ ಎರಡು ಕ್ಲಾಸ್ (ಫೈಟರ್, ವಿಜಾರ್ಡ್‌ನಂಥ ವೃತ್ತಿಗಳು) ಬೆರೆಸುವುದು, ಇನ್ನೂ ದೊಡ್ಡ ಗುಂಡಿ. ಕತ್ತಿಯೂ ಇರಲಿ ಮಂತ್ರವೂ ಇರಲಿ ಎಂದು ಫೈಟರ್ 3, ವಿಜಾರ್ಡ್ 2 ಮಾಡಿಕೊಂಡವರ ಪಾಡು ನೋಡಿ. ಒಟ್ಟು ಲೆವೆಲ್ 5. ಅದೇ ಲೆವೆಲ್‌ನಲ್ಲಿ ಪಕ್ಕದ ಫೈಟರ್ ಸರದಿಗೆ ಎರಡು ಏಟು ಹೊಡೆಯುತ್ತಾನೆ, ಪಕ್ಕದ ವಿಜಾರ್ಡ್ ಮೂರನೇ ಮಟ್ಟದ ಮಂತ್ರ ಹಾಕುತ್ತಾಳೆ. ಇವರಿಗೆ ಒಂದೇ ಏಟು, ಕಲಿತ ಮಂತ್ರಗಳೆಲ್ಲ ಮೊದಲನೇ ಮಟ್ಟದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ. ಗುಣದ ಅಂಕ ಏರಿಸುವ ಅವಕಾಶ ಸಿಗುವುದೂ ಕ್ಲಾಸ್‌ನ 4ನೇ ಲೆವೆಲ್‌ಗೆ, ಒಟ್ಟು ಲೆವೆಲ್‌ಗಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮೂರು ಮೂರು ಹಂಚಿಕೊಂಡರೆ ಒಟ್ಟು 6 ಆದರೂ ಅದು ಕೈಗೆ ಬಂದಿರುವುದಿಲ್ಲ. ಬೆರೆಸಲೇಬೇಕೆಂದರೆ ಒಂದು ಕ್ಲಾಸ್‌ನಲ್ಲಿ 5 ಮುಟ್ಟಿಯೇ ಇನ್ನೊಂದಕ್ಕೆ ಕಾಲಿಡುವುದು ಒಳ್ಳೆಯದು.

ಇಷ್ಟೆಲ್ಲ ಲೆಕ್ಕ ಹಾಕುವವರನ್ನು 'ನಟನೆ ಬಾರದ ಗಣಿತದವರು' ಎಂದು ಹಂಗಿಸುವುದುಂಟು. ಅದು ಅನ್ಯಾಯ. ಬೀಗ ತೆಗೆಯುವುದಕ್ಕೆ ಪಾಯಿಂಟ್ ಸುರಿದವರು 'ನನ್ನ ಕಥೆಯಲ್ಲಿ ಬೀಗಗಳಿರಲಿ' ಎಂದು ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಅರ್ಜಿ ಹಾಕಿದ್ದಾರೆ. ಪಾತ್ರದ ಅಂಕ, ವಿವರ ಬರೆಯುವ ಹಾಳೆ, ಕ್ಯಾರೆಕ್ಟರ್ ಶೀಟ್ ಎಂಬುದೇ ಅಂಥ ಅರ್ಜಿ. ದೌರ್ಬಲ್ಯ ತೆಗೆದುಕೊಂಡರೆ ಪಾಯಿಂಟ್ ಮರಳಿ ಕೊಡುವ, 1986ರಲ್ಲಿ ಬಂದ ಗರ್ಪ್ಸ್‌ನಂಥ ಆಟಗಳಲ್ಲೂ ಹಾಗೆಯೇ. ಮರುಭೂಮಿಯ ಕಥೆಯಲ್ಲಿ ಕಡಲೆಂದರೆ ಭಯ ಎಂದು ಬರೆದು ಪಾಯಿಂಟ್ ಹೊಡೆಯುವವರನ್ನು ಮೊದಲೇ ತಡೆಯಬೇಕು. ಆದರೆ ಬೆಂಕಿಯ ಭಯ ಬರೆದವರ ಎದುರು ಬೆಂಕಿಯನ್ನು ತರದಿದ್ದರೆ ತಪ್ಪು ಗೇಮ್ ಮಾಸ್ಟರ್‌ದು.

ಈ ಅರ್ಜಿಯನ್ನು ಗೇಮ್ ಮಾಸ್ಟರ್ ಗೊತ್ತಿಲ್ಲದೆಯೇ ಹರಿದುಹಾಕುವ ಒಂದು ಬಗೆಯಿದೆ, ಲೇಖನ ಅದನ್ನು ಮುಟ್ಟಲೇ ಇಲ್ಲ. ಇಪ್ಪತ್ತು ಮುಖದ ದಾಳ, ಅದಕ್ಕೆ ಪಾತ್ರದ ಅಂಕ ಕೂಡಿಸಿ ಮುಟ್ಟಬೇಕಾದ ಡಿಸಿ ಎಂಬ ಗುರಿ ಅಂಕ 15. ಬೀಗದ ಕೆಲಸದಲ್ಲಿ +7 ಇರುವವರು 8 ಅಥವಾ ಹೆಚ್ಚು ಹಾಕಿದರೆ ಗೆದ್ದರು, ಅಂದರೆ ಶೇಕಡಾ 65. +2 ಇರುವವರಿಗೆ ಶೇಕಡಾ 40. 'ಇವರಿಗೆ ತೀರಾ ಸುಲಭವಾಯಿತು' ಎಂದು ಗೇಮ್ ಮಾಸ್ಟರ್ ಡಿಸಿಯನ್ನು 20ಕ್ಕೆ ಏರಿಸಿದರೆ ಏನಾಗುತ್ತದೆ? ನಿಪುಣರು 40ಕ್ಕೆ ಇಳಿದರು, ಉಳಿದವರು 15ಕ್ಕೆ. ಪಾಯಿಂಟ್ ಹಾಕಿದವರಿಗೆ ಸಿಕ್ಕಿದ್ದು ಏನೂ ಕಲಿಯದವರಿಗೆ ಮೊದಲು ಇದ್ದಷ್ಟೇ. ಡಿಸಿಯನ್ನು ಬೀಗ ನೋಡಿ ಬರೆಯಬೇಕು, ಅದೂ ಆಟಕ್ಕೆ ಕೂರುವ ಮೊದಲೇ. ತೆಗೆಯುವವರ ಮುಖ ನೋಡಿ ಅಲ್ಲ.

ಕವಲುದಾರಿಯ ಕಥೆಯೂ ಇದೇ. ಎಡಕ್ಕೋ ಬಲಕ್ಕೋ ಎಂದು ಬರಿದೇ ಕೇಳಿದರೆ ಅದು ನಾಣ್ಯ ಚಿಮ್ಮಿದಂತೆ, ಆಯ್ಕೆಯಲ್ಲ. ಎಡಗಡೆಯಿಂದ ತಣ್ಣನೆಯ ಗಾಳಿ, ತೋಳದ ವಾಸನೆ; ಬಲಗಡೆ ಪಂಜಿನ ಬೆಳಕು, ಜನರ ಪಿಸುಮಾತು ಎಂದರೆ ಆರಿಸಲು ಏನೋ ಸಿಕ್ಕಿತು. ಎರಡೂ ದಾರಿಯ ಕೊನೆಗೆ ಅದೇ ರಾಕ್ಷಸನನ್ನು ತಂದು ನಿಲ್ಲಿಸುವ ಚಮತ್ಕಾರವನ್ನು ಕೆಲವರು ಸಮರ್ಥಿಸುತ್ತಾರೆ. ತಯಾರಿ ಉಳಿಯುತ್ತದೆ, ಆಟಗಾರರಿಗೆ ತಿಳಿಯುವುದೂ ಇಲ್ಲ. ಯಾರೂ ಏನೂ ವಿಚಾರಿಸದೆ ನಡೆದಿದ್ದರೆ ಅದನ್ನು ಕ್ಷಮಿಸಬಹುದು. ಜಾಡು ಹಿಡಿಯಬಲ್ಲ ರೇಂಜರ್ ಪಾತ್ರ ಮುಂದೆ ಹೋಗಿ ಹೆಜ್ಜೆಗುರುತು ನೋಡಿ ಬಂದ ಮೇಲೂ ರಾಕ್ಷಸ ಜಾಗ ಬದಲಿಸಿದರೆ ಅದು ಮೋಸವೇ, ಏಕೆಂದರೆ ಆ ನೋಟಕ್ಕಾಗಿ ಅವರು ಹಾಳೆಯ ಮೇಲೆ ಬೆಲೆ ತೆತ್ತಿದ್ದಾರೆ.

ಹೊಸ ಗುಂಪು ಕಟ್ಟುವವರು ಆಟಕ್ಕೂ ಮುನ್ನ ಸೆಷನ್ ಝೀರೋ ಎಂದು ಒಂದು ಬೈಠಕ್ ಇಟ್ಟುಕೊಂಡು ಎಲ್ಲರ ಶೀಟ್‌ಗಳನ್ನೂ ಒಟ್ಟಿಗೆ ಹರಡಲಿ. ಪ್ರತಿಯೊಬ್ಬರ ಹಾಳೆಯಿಂದ ಅತಿ ಹೆಚ್ಚು ಅಂಕವಿರುವ ಎರಡು ಸ್ಕಿಲ್‌ಗಳನ್ನು ಗೇಮ್ ಮಾಸ್ಟರ್ ಬರೆದಿಟ್ಟುಕೊಂಡು, ಮೊದಲ ಮೂರು ಬೈಠಕ್‌ಗಳಲ್ಲಿ ಒಂದೊಂದಕ್ಕೂ ಒಂದಾದರೂ ಸಂದರ್ಭ ಇಡಲಿ. ಒಂದೇ ಕೆಲಸಕ್ಕೆ ಇಬ್ಬರು ಬಂದಿದ್ದರೆ ಅಲ್ಲೇ ಮಾತಾಡಿ ಒಬ್ಬರು ಬದಲಿಸಿಕೊಳ್ಳಲಿ. 5ನೇ ಲೆವೆಲ್ ಮುಟ್ಟುವವರೆಗೂ ಫೀಟ್, ಮಂತ್ರ, ಬೇಕಾದರೆ ಕ್ಲಾಸನ್ನೂ ದಂಡವಿಲ್ಲದೆ ಬದಲಿಸಲು ಬಿಡಿ. ಮೇಜಿನ ಮೇಲೆ ಆಗಿಹೋದದ್ದನ್ನು ಮಾತ್ರ ಬದಲಿಸಬೇಡಿ. ಸತ್ತ ರಾಜ ಸತ್ತೇ ಇರಲಿ.

ಇತಿ,
ಪತ್ರಿಕೆಯ ಓದುಗ, ಗೇಮ್ ಮಾಸ್ಟರ್