ವಾರ್ಡಿನಿಂದ ಸ್ಯಾಕ್ರಮೆಂಟೊವರೆಗೆ

ಆತ್ಮೀಯ ಸದಸ್ಯರೇ,

ವಿಧಾನಸೌಧದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಬೀದಿ ಯಾವ ಸಿಟಿ ಕೌನ್ಸಿಲ್ (ನಗರ ಪಾಲಿಕೆ) ಸದಸ್ಯರಿಗೆ ಸೇರಿದ್ದು ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಅದಕ್ಕೇ ಈ ಸಂಚಿಕೆಯಲ್ಲಿ ಸಿಟಿ ಕೌನ್ಸಿಲ್‌ನಿಂದ ರಾಜ್ಯದ ಶಾಸಕರಾದ ಆಶ್ ಕಾಲ್ರಾ ಅವರ ಬಗ್ಗೆ ಬರೆಯಬೇಕು ಅನ್ನಿಸಿತು. ಅವರ ಪಕ್ಷದ ಪರವಾಗಿ ಅಲ್ಲ, ಅವರು ನಡೆದು ಬಂದ ದಾರಿಗಾಗಿ.

ಹುಟ್ಟಿದ್ದು ಟೊರಾಂಟೊ, ಬೆಳೆದದ್ದು ಸ್ಯಾನ್ ಹೋಸೆ. ಕಾನೂನು ಓದಿ ಸಾಂಟಾ ಕ್ಲಾರಾ ಕೌಂಟಿಯಲ್ಲಿ 11 ವರ್ಷ ಪಬ್ಲಿಕ್ ಡಿಫೆಂಡರ್ ಆಗಿದ್ದರು. ಅಂದರೆ ವಕೀಲರನ್ನು ಇಟ್ಟುಕೊಳ್ಳಲು ಕಾಸಿಲ್ಲದ ಆರೋಪಿಗಳ ಪರ ವಾದ ಮಾಡುವ ಕೆಲಸ. ನಗರದ ಪ್ಲಾನಿಂಗ್ ಕಮಿಷನ್‌ನಲ್ಲೂ ಕೂತರು. 2008ರಲ್ಲಿ ಸಿಟಿ ಕೌನ್ಸಿಲ್‌ಗೆ ಗೆದ್ದು, ಊರಿನ ದಕ್ಷಿಣ ಭಾಗದ 2ನೇ ಡಿಸ್ಟ್ರಿಕ್ಟನ್ನು ಎರಡು ಅವಧಿ ನೋಡಿಕೊಂಡರು. 2016ರಲ್ಲಿ ರಾಜಧಾನಿ ಸ್ಯಾಕ್ರಮೆಂಟೊದಲ್ಲಿರುವ ರಾಜ್ಯ ಅಸೆಂಬ್ಲಿಗೆ ನಿಂತಾಗ ಎದುರಾಳಿಯೂ ಇದೇ ಊರಿನ ಮಾಜಿ ಉಪಮೇಯರ್. ಗೆದ್ದು, ಕ್ಯಾಲಿಫೋರ್ನಿಯಾ ಶಾಸನಸಭೆಯ ಮೊದಲ ಭಾರತೀಯ ಮೂಲದ ಸದಸ್ಯರಾದರು.

ಇಷ್ಟೇ ಆಗಿದ್ದರೆ ಒಂದು ಅಭಿನಂದನೆಯ ಸಾಲು ಸಾಕಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಯೋಟಿ ವ್ಯಾಲಿಯ ಕಥೆ. ಸ್ಯಾನ್ ಹೋಸೆಯಿಂದ 101 ಹೆದ್ದಾರಿಯಲ್ಲಿ ದಕ್ಷಿಣದ ಮಾರ್ಗನ್ ಹಿಲ್ ಊರಿನ ಕಡೆ ಹೋಗುವಾಗ ಮನೆಗಳು ಮುಗಿದು ಹೊಲ ಶುರುವಾಗುತ್ತಲ್ಲ, ಅದೇ ಜಾಗ. ಸಾಂಟಾ ಕ್ರೂಜ್ ಬೆಟ್ಟಗಳಿಗೂ ಡಯಾಬ್ಲೊ ಬೆಟ್ಟಸಾಲಿಗೂ ನಡುವೆ ಕಾಡುಪ್ರಾಣಿಗಳು ಓಡಾಡುವ ದಾರಿ ಅದು. ಮಳೆ ಜೋರಾದಾಗ ಆ ಬಯಲು ನೀರನ್ನು ತಡೆದು ಹಿಡಿದುಕೊಳ್ಳುತ್ತದೆ. ಇಂಟರ್ನೆಟ್ ಕಂಪನಿಗಳ ಭರಾಟೆಯ ಡಾಟ್‌ಕಾಂ ಕಾಲದಲ್ಲಿ ಸಿಸ್ಕೊ ಕಂಪನಿ ಅಲ್ಲಿ 20,000 ಉದ್ಯೋಗಿಗಳ ಕ್ಯಾಂಪಸ್ ಕಟ್ಟಲು ಹೊರಟಿತ್ತು. ಷೇರುಪೇಟೆ ಕುಸಿದು ಅದು ನಿಂತಿತು. ಆಮೇಲೂ ಅಲ್ಲಿ ಕಟ್ಟಬೇಕೋ ಬಿಡಬೇಕೋ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಈ ಬಯಲು ಇದ್ದದ್ದು ಕಾಲ್ರಾ ಅವರ ಕೌನ್ಸಿಲ್ ಡಿಸ್ಟ್ರಿಕ್ಟ್ ಕಡೆಯೇ. 2019ರಲ್ಲಿ, ಶಾಸಕರಾಗಿ, ಇದನ್ನು ಇಡೀ ರಾಜ್ಯಕ್ಕೆ ಬೇಕಾದ ಜಾಗವೆಂದು ಗುರುತಿಸುವ ಎಬಿ 948 (ಎಬಿ ಅಂದರೆ ಅಸೆಂಬ್ಲಿ ಬಿಲ್) ಮಸೂದೆ ತಂದು ಪಾಸು ಮಾಡಿಸಿದರು. ಅದೇ ವರ್ಷ ನಗರ ಮತ್ತು ಎರಡು ಸಂರಕ್ಷಣಾ ಸಂಸ್ಥೆಗಳು ಸೇರಿ 937 ಎಕರೆಯನ್ನು ಸುಮಾರು 9.3 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡವು.

2020ರಲ್ಲಿ ಅವರು ತಂದ ರೇಶಿಯಲ್ ಜಸ್ಟಿಸ್ ಆಕ್ಟ್ (ಜನಾಂಗೀಯ ನ್ಯಾಯ ಕಾಯ್ದೆ) ಕೂಡ ಹೀಗೆಯೇ, ಹಳೆಯ ಕೆಲಸದ ಅನುಭವದಿಂದ ಬಂದದ್ದು. ಜನಾಂಗ ನೋಡಿ ಶಿಕ್ಷೆ ಕೊಡುವುದನ್ನು ಅದು ನಿಷೇಧಿಸುತ್ತದೆ. ಬೇಕಂತಲೇ ಹಾಗೆ ಮಾಡಿದರು ಅಂತ ಆರೋಪಿ ಸಾಬೀತು ಮಾಡಬೇಕಾಗಿಲ್ಲ. ಕೋರ್ಟಿನಲ್ಲಿ ಬಡವರ ಪಕ್ಕ ನಿಂತವರಿಗೆ ಮಾತ್ರ ಹೊಳೆಯುವ ಅಂಶ ಇದು ಅಂತ ನನ್ನ ಅನಿಸಿಕೆ.

ಎಲ್ಲವೂ ಕೈಗೂಡಲಿಲ್ಲ. ಎಲ್ಲರಿಗೂ ಸರ್ಕಾರವೇ ಆರೋಗ್ಯ ವಿಮೆ ಕೊಡುವ ಎಬಿ 1400 ಮಸೂದೆಯನ್ನು 2022ರ ಜನವರಿ 31ರಂದು ಅವರು ಮತಕ್ಕೇ ಹಾಕಲಿಲ್ಲ. ಸಾಕಷ್ಟು ಮತ ಇರಲಿಲ್ಲ. ಜೊತೆಗಿದ್ದ ನರ್ಸ್‌ಗಳ ಸಂಘವೇ ಸಿಟ್ಟಾಯಿತು. ಯಾರು ಪರ, ಯಾರು ವಿರೋಧ ಅಂತ ದಾಖಲೆಯಾದರೂ ಉಳಿಯುತ್ತಿತ್ತು. ಮತಕ್ಕೆ ಹಾಕಬೇಕಿತ್ತು ಅಂತಲೇ ನನಗೂ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮನೆ ಮುಂದಿನ ಚರಂಡಿಗೆ ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ನಮ್ಮವರು ಒದ್ದಾಡಿದ್ದನ್ನು ಫೋನಿನಲ್ಲಿ ಕೇಳಿದ್ದೇವೆ. ಇಲ್ಲಿ ಕೌನ್ಸಿಲ್ ಸಭೆಗೆ ಯಾರು ಬೇಕಾದರೂ ಹೋಗಬಹುದು. ಒಂದೆರಡು ನಿಮಿಷ ಮಾತಾಡಲು ಪೌರತ್ವವೂ ಬೇಕಿಲ್ಲ, ಹೆಸರು ಕೊಟ್ಟರೆ ಸಾಕು. ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡ್ ಸಭೆಯೂ ಅಷ್ಟೇ. ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಬೇಕು, ಪಾರ್ಕಿನಲ್ಲಿ ರಾಜ್ಯೋತ್ಸವಕ್ಕೆ ಜಾಗ ಬೇಕು ಅಂತ ನಾವು ನಾವೇ ಗೊಣಗುವ ಬದಲು ಅಲ್ಲಿ ಹೋಗಿ ಹೇಳೋಣ, ಅಲ್ವಾ?

ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಶಾಸಕರಿಗೆ ಒಟ್ಟು 12 ವರ್ಷದ ಮಿತಿ ಇದೆ. 2016ರಲ್ಲಿ ಗೆದ್ದ ಕಾಲ್ರಾ ಅವರಿಗೆ ಅದು 2028ಕ್ಕೆ ಮುಗಿಯುತ್ತದೆ. ಆ ಜಾಗಕ್ಕೆ ನಿಲ್ಲುವವರು ಈಗ ಯಾವುದೋ ಕೌನ್ಸಿಲ್‌ನಲ್ಲೋ ಸ್ಕೂಲ್ ಬೋರ್ಡಿನಲ್ಲೋ ಕೂತಿರಬಹುದು. ಅವರಲ್ಲಿ ನಮ್ಮ ಮಕ್ಕಳ ವಯಸ್ಸಿನ ಕನ್ನಡಿಗರೂ ಇರಲಿ ಅನ್ನೋದು ನನ್ನ ಆಸೆ.