ನೆಟ್ಟಗೆ ನಿಂತ ಬೆರಳನ್ನು ನೋಡಿದ ಹುಡುಗನಿಗೆ

ಮುಂಬಯಿಯ ಮಾಟುಂಗಾದ ಹೋಟೆಲೊಂದರಲ್ಲಿ ಹದಿನೇಳು ವರ್ಷಗಳಿಂದ ದೋಸೆ ಹುಯ್ಯುತ್ತಿರುವ ನಾನು, ಐದು ತಿಂಗಳ ಬಳಿಕ ಕಳೆದ ಸೋಮವಾರ ಬೆಳಿಗ್ಗೆ ಮತ್ತೆ ಕಾವಲಿಯ ಮುಂದೆ ನಿಂತೆ. ಬಲಗೈಯಲ್ಲಿ ಸಟ್ಟುಗ ಹಿಡಿದು ಮೊದಲ ದೋಸೆಯನ್ನು ಎಬ್ಬಿಸಿದಾಗ ಅಡುಗೆಮನೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಅವರಿಗೂ ಅಲ್ಲಿ ಇಲ್ಲದ ಇನ್ನು ಕೆಲವರಿಗೂ ನಾನು ಬಾಯಿಮಾತಿನಲ್ಲಿ ಹೇಳಿ ತೀರಿಸಲಾಗದಷ್ಟು ಋಣಿಯಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನವರಾತ್ರಿಯ ಗಡಿಬಿಡಿಯಲ್ಲಿ ಸಿಹಿತಿಂಡಿ ಇಡುವ ಕಪಾಟಿನ ಗಾಜಿನ ಹಲಗೆ ಜಾರಿತು. ಕೆಳಗೆ ಬಿದ್ದು ಚೂರಾಗಬಾರದೆಂದು ನಾನು ಅದನ್ನು ಬಲಗೈಯಿಂದ ಹಿಡಿದೆ. ಒಡೆದ ಅಂಚು ನಡುಬೆರಳು ಮತ್ತು ಉಂಗುರದ ಬೆರಳುಗಳ ಬುಡವನ್ನು ಅಂಗೈಯ ಕಡೆಯಿಂದ ಅಡ್ಡಲಾಗಿ ಸೀಳಿತು. ಒಬ್ಬರು ಕಾಫಿಪುಡಿ ತಂದರು, ಇನ್ನೊಬ್ಬರು ಬೆರಳಿನ ಬುಡಕ್ಕೆ ರಬ್ಬರ್ ಬಿಗಿಯಲು ಬಂದರು. ನಮ್ಮ ಮ್ಯಾನೇಜರ್ ಅಣ್ಣ ಎರಡನ್ನೂ ತಡೆದು, ಒಗೆದ ಪಂಚೆಯ ತುಂಡನ್ನು ಗಾಯದ ಮೇಲೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿಸಿ, ಊದಿಕೊಳ್ಳುವ ಮೊದಲೇ ಉಂಗುರವನ್ನು ಜಾರಿಸಿ ತೆಗೆದು ಜೇಬಿಗೆ ಹಾಕಿಕೊಂಡರು. ಅವರು ಮಾಡಿದ ಅಷ್ಟೂ ಸರಿಯಾಗಿತ್ತು ಎಂದು ಆಮೇಲೆ ದೊಡ್ಡಾಸ್ಪತ್ರೆಯ ವೈದ್ಯರೇ ಹೇಳಿದರು.

ಹತ್ತಿರದ ಚಿಕಿತ್ಸಾಲಯದಲ್ಲಿ ಚರ್ಮಕ್ಕೆ ಹೊಲಿಗೆ ಹಾಕಿ, ವಾರ ಬಿಟ್ಟು ಬನ್ನಿ ಎಂದು ಕಳುಹಿಸಿದರು. ಬೆರಳು ಮಡಿಸಿ ತೋರಿಸಿ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳಬೇಕೆಂಬುದು ನನಗೂ ತಿಳಿದಿರಲಿಲ್ಲ. ನೋವಿನಿಂದಲೇ ಬೆರಳು ಅಲ್ಲಾಡುತ್ತಿಲ್ಲ ಎಂದುಕೊಂಡು ನಾಲ್ಕು ದಿನ ಕಳೆದೆ.

ನಾಲ್ಕನೆಯ ದಿನ ಸಂಜೆ ಗಲ್ಲೆಯ ಪಕ್ಕದ ಮೇಜಿನ ಮೇಲೆ ಕೈಯನ್ನು ಅಂಗಾತ ಇಟ್ಟು ಕುಳಿತಿದ್ದೆ. ಅಂಕೋಲಾ ಕಡೆಯಿಂದ ಬಂದು ನಮ್ಮಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿದ್ದ ಹತ್ತೊಂಬತ್ತರ ಹುಡುಗ ಚಹಾ ತಂದಿಟ್ಟವನು, ನನ್ನ ಕೈಯನ್ನೂ ತನ್ನ ಕೈಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, "ಅಣ್ಣ, ಎಲ್ಲ ಬೆರಳೂ ಬಾಗಿವೆ, ನಿಮ್ಮ ಆ ಬೆರಳು ಮಾತ್ರ ನೆಟ್ಟಗೆ ನಿಂತಿದೆಯಲ್ಲ" ಎಂದ. ಅವನ ಮಾತು ಅಕ್ಷರಶಃ ನಿಜವಾಗಿತ್ತು. ಕೈಯನ್ನು ಸಡಿಲ ಬಿಟ್ಟಾಗ ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದಕ್ಕಿಂತ ಒಂದು ಹೆಚ್ಚು ಬಾಗಿ ನಿಲ್ಲುವುದು ಆರೋಗ್ಯವಂತ ಕೈಯ ಲಕ್ಷಣ, ನಡುವೆ ಒಂದು ಬೆರಳು ನೆಟ್ಟಗೆ ಉಳಿದರೆ ಅದನ್ನು ಎಳೆಯುವ ಹುರಿ ತುಂಡಾಗಿದೆ ಎಂದೇ ಅರ್ಥ. ಆ ರಾತ್ರಿ ಡೊಂಬಿವಲಿಯ ಮನೆಗೆ ಹೋಗುವ ಬದಲು ನಾನು ಪಾಲಿಕೆಯ ದೊಡ್ಡಾಸ್ಪತ್ರೆಗೆ ಹೋದೆ, ಹುಡುಗನೂ ಜೊತೆಗೆ ಬಂದ. ಈ ಬರಹದ ಮೊದಲ ನಮಸ್ಕಾರ ಅವನಿಗೆ ಸಲ್ಲಬೇಕು. ಇನ್ನು ಕೆಲವು ವಾರ ತಡವಾಗಿದ್ದರೆ ತುಂಡಾದ ತುದಿಗಳು ಒಳಗೆ ಸರಿದು ಮುದುಡಿ, ನೇರವಾಗಿ ಜೋಡಿಸಲು ಆಗುತ್ತಲೇ ಇರಲಿಲ್ಲವಂತೆ.

ಊರಲ್ಲಿ ನಾವು ಬೆರಳನ್ನು ಎಳೆಯುವ ಈ ಹುರಿಯನ್ನೂ "ನರ" ಎಂದೇ ಕರೆಯುತ್ತೇವೆ. ಆದರೆ ಸ್ಪರ್ಶ ತಿಳಿಸುವ ನರ ಬೇರೆ, ಬೆರಳನ್ನು ಎಳೆಯುವ ಸ್ನಾಯುರಜ್ಜು ಬೇರೆ. ಬೆರಳನ್ನು ಮಡಿಸುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿರುತ್ತವೆ, ಅವುಗಳ ರಜ್ಜುಗಳು ಮಣಿಕಟ್ಟನ್ನು ದಾಟಿ, ಬೆರಳಿನೊಳಗಿನ ಕಿರಿದಾದ ಕೊಳವೆಯಲ್ಲಿ ಹಾದು ಮೂಳೆಗೆ ಅಂಟಿಕೊಳ್ಳುತ್ತವೆ. ಹೆಬ್ಬೆರಳನ್ನು ಬಿಟ್ಟು ಪ್ರತಿ ಬೆರಳಿಗೂ ಇಂಥವು ಎರಡೆರಡು. ನನಗೆ ನಡುಬೆರಳಿನ ಎರಡೂ, ಉಂಗುರದ ಬೆರಳಿನ ತುದಿಗೆ ಹೋಗುವ ಒಂದು ರಜ್ಜು, ಅದೇ ಬೆರಳಿನ ಒಂದು ಬದಿಯ ನರ ತುಂಡಾಗಿದ್ದವು. ಎರಡು ರಜ್ಜುಗಳು ಒಂದೇ ಕೊಳವೆಯಲ್ಲಿ ಹಾಯುವ ಈ ಭಾಗದಲ್ಲಿ ಜೋಡಿಸಿದ ರಜ್ಜು ಸುತ್ತಲಿನದಕ್ಕೆ ಅಂಟಿಕೊಂಡು ಬೆರಳು ಬಿಗಿಯುತ್ತಿತ್ತೆಂದು, ಒಂದು ಕಾಲದಲ್ಲಿ ಶಸ್ತ್ರವೈದ್ಯರು ಇಲ್ಲಿ ನೇರ ಹೊಲಿಗೆಗೆ ಕೈ ಹಾಕುತ್ತಲೇ ಇರಲಿಲ್ಲವಂತೆ. ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ, ಕೂಡಲೇ ಹೊಲಿದು ಕೂಡಲೇ ಅಲ್ಲಾಡಿಸತೊಡಗಿದರೆ ಬೆರಳು ಉಳಿಯುತ್ತದೆ ಎಂದು ತೋರಿಸಿದರು. ನಮ್ಮ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಿಂದಲೇ ಕುಷ್ಠರೋಗದಿಂದ ಸೆಟೆದ ಕೈಗಳಿಗೆ ರಜ್ಜುಗಳನ್ನು ಸ್ಥಳಾಂತರಿಸಿ ಮತ್ತೆ ಕೆಲಸ ಮಾಡುವಂತೆ ಮಾಡುತ್ತಿದ್ದರು. ಇವರ ಹೆಸರುಗಳನ್ನು ನಾನು ಕೇಳಿದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಅವರಿಗೂ ನನ್ನ ವಂದನೆಗಳು.

ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನಾನು ಎಚ್ಚರವಾಗಿಯೇ ಇದ್ದೆ. ಕೈಯನ್ನಷ್ಟೇ ಮರಗಟ್ಟಿಸಿದ್ದರು. ಕೂದಲಿನಷ್ಟು ಸಣ್ಣ ನೂಲಿನಲ್ಲಿ ಹೊಲಿದು ಮುಗಿಸಿದ ಮೇಲೆ ವೈದ್ಯರು ಬಟ್ಟೆಯ ಮರೆಯನ್ನು ಸ್ವಲ್ಪ ಸರಿಸಿ, "ಆತಾ ಬೋಟ್ ವಾಕವಾ" ಎಂದರು. ಬೆರಳು ಮಡಿಸಿ ಎಂಬ ಆ ಮರಾಠಿ ಮಾತು ಕಿವಿಗೆ ಬಿದ್ದೊಡನೆ, ಐದು ದಿನ ಮರದ ಕಡ್ಡಿಯಂತಿದ್ದ ನಡುಬೆರಳು ನನ್ನ ಕಣ್ಣೆದುರಿಗೇ ನಿಧಾನವಾಗಿ ಬಾಗಿತು. ನನಗೆ ಅಳು ಬಂದದ್ದನ್ನು ಕಂಡು ದಾದಿಯೊಬ್ಬರು ಹಣೆ ಒರೆಸಿದರು. ಹಾಗೆ ಮಡಿಸಿ ನೋಡುವುದು ಹೊಲಿಗೆ ಎಳೆತ ತಾಳುತ್ತದೆಯೇ, ಕೊಳವೆಯಲ್ಲಿ ತೊಡಕಿಲ್ಲದೆ ಜಾರುತ್ತದೆಯೇ ಎಂಬ ಪರೀಕ್ಷೆಗೆಂದು ಆಮೇಲೆ ತಿಳಿಯಿತು.

ಆದರೆ ಬೆರಳನ್ನು ನಿಜವಾಗಿ ಹಿಂದಕ್ಕೆ ತಂದವರು ಕೈ ಚಿಕಿತ್ಸಾ ವಿಭಾಗದ ಮೇಡಂ ಎಂದು ನಾನು ಭಾವಿಸುತ್ತೇನೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಕೈಯ ಹಿಂಬದಿಗೆ ಒತ್ತಿ ಆಕಾರ ಕೊಟ್ಟು, ಬೆರಳುಗಳು ನೆಟ್ಟಗಾಗದಂತೆ ಪಟ್ಟಿ ಕಟ್ಟಿದರು. ಪ್ರತಿ ಗಂಟೆಗೊಮ್ಮೆ ಎಡಗೈಯಿಂದ ಬೆರಳುಗಳನ್ನು ಹತ್ತು ಸಲ ಮಡಿಸಬೇಕು, ಬಳಿಕ ಅವು ತಾವಾಗಿಯೇ ಎಷ್ಟು ಬಾಗುತ್ತವೋ ಅಷ್ಟು ಮೆಲ್ಲಗೆ ಬಾಗಿಸಬೇಕು, ಆದರೆ ಒಂದು ಲೋಟವನ್ನೂ ಹಿಡಿಯಬಾರದು. ಮೊದಲ ಮೂರು ವಾರ ಹೊಲಿದ ಜಾಗ ತೀರ ದುರ್ಬಲವಾಗಿರುತ್ತದೆ. ಬಲ ಹಾಕಿದರೆ ಕಿತ್ತುಹೋಗುತ್ತದೆ, ಅಲ್ಲಾಡಿಸದಿದ್ದರೆ ಅಂಟಿಕೊಳ್ಳುತ್ತದೆ. ಈ ಎರಡರ ನಡುವಿನ ಸಣ್ಣ ದಾರಿಯಲ್ಲಿ ನನ್ನನ್ನು ಅವರು ಹನ್ನೆರಡು ವಾರ ನಡೆಸಿದರು. ಮೊದಲ ದಿನ ನಡುಬೆರಳಿನ ತುದಿಗೂ ಅಂಗೈಗೂ ಆರು ಸೆಂಟಿಮೀಟರ್ ಅಂತರವಿತ್ತು, ಈಗ ಅರ್ಧ ಸೆಂಟಿಮೀಟರ್ ಇದೆ. ಉಂಗುರದ ಬೆರಳು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ, ಪ್ರಾಯಶಃ ಮುಂದೆಯೂ ಆಗುವುದಿಲ್ಲ. ಅದನ್ನು ಅವರು ಮುಚ್ಚಿಡದೆ ಹೇಳಿದ್ದಕ್ಕೂ ನಾನು ಕೃತಜ್ಞ.

ಎಂಟು ವಾರಗಳ ಮೇಲೆ ಪಟ್ಟಿ ಬಿಚ್ಚಿ, ಕೊಬ್ಬರಿ ಎಣ್ಣೆಯಿಂದ ಗಾಯದ ಗುರುತನ್ನು ತಿಕ್ಕಿಸಿ, ಚಪಾತಿಗೆ ಕಲಸಿದ ಮೆತ್ತನೆಯ ಹಿಟ್ಟನ್ನು ಹಿಸುಕಲು ಕೊಟ್ಟರು. ನರದ ವಿಷಯ ಬೇರೆಯೇ. ಹೊಲಿದ ಜಾಗದಿಂದ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮುಂದಕ್ಕೆ ಬೆಳೆಯುತ್ತದೆ. ಸ್ಪರ್ಶವಿಲ್ಲದ ಬೆರಳು ಕಾವಲಿಗೆ ತಗುಲಿದರೆ ಸುಟ್ಟದ್ದೇ ತಿಳಿಯುವುದಿಲ್ಲವಾದ್ದರಿಂದ ಅಡುಗೆಮನೆಯ ಹತ್ತಿರ ಹೋಗಬೇಡಿ ಎಂದು ಗದರಿದರು. ಆ ಬೆರಳಿಗೆ ಮತ್ತೆ ಕಲಿಸುವುದಕ್ಕೆಂದು ಬಟ್ಟಲಿನಲ್ಲಿ ಕಾಳು ಬೆರೆಸಿಟ್ಟು, ಕಣ್ಣು ಮುಚ್ಚಿ ಹೆಸರು ಹೇಳಿ ಎಂದರು. ಇಷ್ಟು ವರ್ಷ ಹಿಟ್ಟಿಗೆ ನೆನೆಹಾಕಿದವನಿಗೆ ಉದ್ದು ಯಾವುದು, ಮೆಂತ್ಯ ಯಾವುದು ಎಂದು ಬೆರಳು ಹೇಳದೇ ಹೋದ ಆ ಮೊದಲ ದಿನದ ಸಂಕಟವನ್ನು ನಾನು ಮರೆಯಲಾರೆ. ಮೆಂತ್ಯದ ಮೂಲೆ ಬೆರಳಿಗೆ ಚುಚ್ಚಿದ್ದು ಹದಿನೈದನೆಯ ವಾರದಲ್ಲಿ.

ಅದೇ ಬೆಂಚಿನಲ್ಲಿ ಕುಳಿತವರಿಂದ ನಾನು ಬಹಳ ಕಲಿತೆ. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಡುತ್ತಿದ್ದ ಮಧುಮೇಹಿ ಅಜ್ಜಿ, ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎದ್ದು ಕೈ ಕೊಡವುತ್ತಿದ್ದ ದರ್ಜಿ, ಎಳೆಗೂಸನ್ನು ಎತ್ತಿ ಎತ್ತಿ ಹೆಬ್ಬೆರಳಿನ ಬುಡ ನೋಯುತ್ತಿದ್ದ ತಾಯಿ, ಇವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ. ಪಟ್ಟಿ, ವಿಶ್ರಾಂತಿ, ಕೆಲವರಿಗೆ ಒಂದು ಇಂಜೆಕ್ಷನ್ ಸಾಕಾಯಿತು. ನನ್ನ ಕೈ ನೋಡಿ ಅವರು ಪ್ರತಿ ವಾರವೂ ಧೈರ್ಯ ಹೇಳುತ್ತಿದ್ದರು.

ಐದು ತಿಂಗಳೂ ಸಂಬಳ ತಪ್ಪಿಸದ ಧಣಿಗಳಿಗೆ, ಕುಂದಾಪುರದಿಂದ ಬಂದು ನನ್ನ ಜಾಗದಲ್ಲಿ ನಿಂತ ಭಟ್ಟರಿಗೆ, ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲಿನಲ್ಲಿ ದಿನವೂ ಕಿಟಕಿಯ ಪಕ್ಕದ ಜಾಗ ಹಿಡಿದಿಟ್ಟ ನೆರೆಮನೆಯವರಿಗೆ ನನ್ನ ಕೃತಜ್ಞತೆಗಳು. ಎಡಗೈಯಲ್ಲಿ ಉಣ್ಣಲು ನಾಚುತ್ತಿದ್ದ ನನಗೆ ಮೂರು ಹೊತ್ತೂ ಅನ್ನ ಕಲಸಿ ತುತ್ತು ಕೊಟ್ಟು, ಗಂಟೆಗೊಮ್ಮೆ ವ್ಯಾಯಾಮದ ನೆನಪು ಮಾಡಲು ಮೊಬೈಲಿನಲ್ಲಿ ಅಲಾರಂ ಇಟ್ಟು, ಒಂದು ಸಲವೂ ಬೇಸರಿಸದ ನನ್ನ ಹೆಂಡತಿಗೆ ಧನ್ಯವಾದ ಹೇಳುವ ರೂಢಿ ನಮ್ಮಲ್ಲಿಲ್ಲ. ಇಲ್ಲಿ ಎಲ್ಲರೆದುರಿಗೆ ಹೇಳುತ್ತಿದ್ದೇನೆ.

ಆಸ್ಪತ್ರೆಗೆ ಏನಾದರೂ ಕೊಡಬೇಕೆಂದು ಕೇಳಿದಾಗ ಮೇಡಂ ಏನೂ ಬೇಡವೆಂದರು. ಒತ್ತಾಯಿಸಿದ ಮೇಲೆ, ಆ ಬಟ್ಟಲಿನ ಕಾಳಿಗೆ ಹುಳು ಹಿಡಿಯುತ್ತಿದೆ, ಬದಲಿಸಿಕೊಡಿ ಎಂದರು. ಮೊನ್ನೆ ಗುರುವಾರ ಅಂಕೋಲಾದ ಹುಡುಗನೂ ನಾನೂ ಹೋಗಿ ಉದ್ದು, ಮೆಂತ್ಯ, ಕಡಲೆ, ಅಕ್ಕಿ ನಾಲ್ಕನ್ನೂ ಡಬ್ಬಿಗಳಲ್ಲಿ ತುಂಬಿಟ್ಟು ಬಂದೆವು. ಮುಂದಿನ ತಿಂಗಳೂ ಹೋಗುತ್ತೇವೆ.