ಲೋಕಸಭೆಗೆ ನಿಲ್ಲಬೇಕೆಂದಿರುವ ಪಶುವೈದ್ಯೆ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಉಭಯ ಕುಶಲೋಪರಿ. ಪಶು ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಲೋಕಸಭೆಗೆ ನಿಲ್ಲುವ ಯೋಚನೆ ನಿನಗಿದೆ ಎಂದು ನಿನ್ನ ತಮ್ಮ ಹೇಳಿದ. ಬಾಯಿಬಿಟ್ಟನೆಂದು ಅವನ ಮೇಲೆ ಸಿಟ್ಟಾಗಬೇಡ. ಬೇಡ ಎನ್ನುವುದಕ್ಕೆ ನಾನು ಕಾಗದ ಬರೆಯುತ್ತಿಲ್ಲ. ಆದರೆ ನೀನು ಅವನ ಮುಂದೆ ಆಡಿದ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನೀನು ಕೈಹಾಕಿ ಕರು ತೆಗೆಯದ ಕೊಟ್ಟಿಗೆ ಆ ಹೋಬಳಿಯಲ್ಲಿ ಇಲ್ಲವಂತೆ, ಅವರೆಲ್ಲ ನಿನ್ನ ಕೈಬಿಡುವುದುಂಟೇ ಎಂದು ಕೇಳಿದೆಯಂತೆ. ಉಂಟು, ಬಿಡಬಹುದು.

ನಮ್ಮ ವೃತ್ತಿಯವರೇ ಒಬ್ಬರ ವಿಷಯ ಹೇಳುತ್ತೇನೆ. ಅಮೆರಿಕದ ಜಾನ್ ಮೆಲ್ಚರ್. 1924ರಲ್ಲಿ ಅಯೋವಾದಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿ, 1950ರಲ್ಲಿ ಪಶುವೈದ್ಯ ಪದವಿ ಪಡೆದವರು. ಆಮೇಲೆ ಮೊಂಟಾನಾ ರಾಜ್ಯದ ಫೋರ್ಸೈತ್ ಎಂಬ ಸಣ್ಣ ಊರಿಗೆ ಬಂದು ವೃತ್ತಿ ಹಿಡಿದರು. ಯೆಲ್ಲೋಸ್ಟೋನ್ ನದಿಯ ದಡ, ಸುತ್ತಲೂ ದನ ಸಾಕುವವರ ಸೀಮೆ. 1955ರಲ್ಲಿ ಊರಿನ ಮೇಯರ್ ಆದರು. ಅಲ್ಲಿಂದ ರಾಜ್ಯದ ಕೆಳಮನೆ, ಮೇಲ್ಮನೆ, 1969ರ ಉಪಚುನಾವಣೆಯಲ್ಲಿ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆ, 1976ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್. ಮೇಯರ್ ಕುರ್ಚಿಯಿಂದ ರಾಷ್ಟ್ರದ ರಾಜಧಾನಿಗೆ ಹದಿನಾಲ್ಕು ವರ್ಷ ಹಿಡಿಯಿತು. ನೀನು ಇದನ್ನು ಒಂದೇ ನೆಗೆತಕ್ಕೆ ಮುಗಿಸುವ ಅಂದಾಜಿನಲ್ಲಿದ್ದೀಯ.

ಅವರ 1982ರ ಚುನಾವಣೆಯನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಮೆಲ್ಚರ್ ಮೊಂಟಾನಾಕ್ಕೆ ತಕ್ಕವರಲ್ಲ ಎಂದು ಹೊರಗಿನ ಒಂದು ಸಂಪ್ರದಾಯವಾದಿ ಗುಂಪು ಹಣ ಸುರಿದು ಪ್ರಚಾರಕ್ಕೆ ಇಳಿಯಿತು. ಅದಕ್ಕೆ ಇವರ ಕಡೆಯವರು ಟೀವಿಯಲ್ಲಿ ಹಸುಗಳಿಂದಲೇ ಮಾತಾಡಿಸಿದರು. ಪೇಟೆಯಿಂದ ಬಂದವರು ನಮ್ಮ ಡಾಕ್ಟರನ್ನು ಹಳಿಯುತ್ತಿದ್ದಾರಂತೆ ಎಂದು ಹಸುಗಳು ಹರಟುತ್ತವೆ; ಅವರಲ್ಲೊಬ್ಬ ತನ್ನನ್ನು ಬೀಜ ಒಡೆದ ಹೋರಿ ಎಂದು ಕರೆದನೆಂದು ಒಂದು ಹಸು ದೂರುತ್ತದೆ. ಹಸು ಯಾವುದು, ಹೋರಿ ಯಾವುದು ಎಂದು ತಿಳಿಯದವರು ಡಾಕ್ಟರ ಬಗ್ಗೆ ಏನು ಹೇಳಿಯಾರು? ಜನ ನಕ್ಕರು, ಮೆಲ್ಚರ್ ಗೆದ್ದರು.

ನೀನು ಇಲ್ಲಿಗೇ ಕಾಗದ ಮಡಚಿಟ್ಟರೆ ನಿನ್ನ ಮಾತೇ ಸರಿಯಾಗುತ್ತದೆ. ಆದರೆ ಆರು ವರ್ಷ ಬಿಟ್ಟು, 1988ರಲ್ಲಿ, ಅದೇ ದನಗಳ ಸೀಮೆ ಅವರನ್ನು ಮನೆಗೆ ಕಳುಹಿಸಿತು. ಗೆದ್ದ ಕಾನ್ರಾಡ್ ಬರ್ನ್ಸ್ ಯಾರೆಂದುಕೊಂಡೆ? ದನಗಳ ಹರಾಜು ಕೂಗುತ್ತಿದ್ದು, ಆಮೇಲೆ ರೇಡಿಯೋದಲ್ಲಿ ಕೃಷಿ ಸುದ್ದಿ ಓದಿ ಮನೆಮಾತಾದವರು. ಅಲ್ಲಿಗೆ, ದನ ಬಲ್ಲವನೆಂಬ ಹೆಗ್ಗಳಿಕೆ ಇಬ್ಬರಿಗೂ ಸಮ. ಚುನಾವಣೆಗೆ ಕೆಲವೇ ದಿನ ಇರುವಾಗ ಮೆಲ್ಚರ್ ದುಡಿದಿದ್ದ ಮೊಂಟಾನಾ ಅರಣ್ಯ ಮಸೂದೆಗೆ ಅಧ್ಯಕ್ಷ ರೇಗನ್ ಅಂಕಿತ ಹಾಕಲು ನಿರಾಕರಿಸಿದರು. ಅದೂ ಪೆಟ್ಟು ಕೊಟ್ಟಿರಬೇಕು. 1994ರಲ್ಲಿ ಮತ್ತೆ ನಿಲ್ಲಲು ಹೋದಾಗ ಸ್ವಂತ ಪಕ್ಷದ ಒಳಚುನಾವಣೆಯಲ್ಲೇ ಸೋತರು.

ಮತ ಹೋಯಿತು. ಆದರೆ ಕಾನೂನಿನಲ್ಲಿ ಅವರು ಸೇರಿಸಿದ್ದ ಒಂದು ಸಾಲು ಉಳಿಯಿತು. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಗೆ 1985ರಲ್ಲಿ ತಿದ್ದುಪಡಿ ಬಂದಾಗ, ಪ್ರಯೋಗಾಲಯದ ಕೋತಿ, ಚಿಂಪಾಂಜಿಗಳ ಮಾನಸಿಕ ನೆಮ್ಮದಿಯನ್ನೂ ನೋಡಿಕೊಳ್ಳಬೇಕೆಂಬ ಅಂಶವನ್ನು ಸೇರಿಸಿದವರು ಮೆಲ್ಚರ್. ಕೋತಿಗೆ ಮನಸ್ಸೇ, ಅದನ್ನು ಅಳೆಯುವುದು ಹೇಗೆ ಎಂದು ವಿಜ್ಞಾನಿಗಳೇ ಗೊಣಗಿದರು. 1991ರಲ್ಲಿ ನಿಯಮಗಳು ಬಂದವು. ಪಂಜರದ ಪ್ರಾಣಿಗೆ ಜೊತೆ, ಆಟ, ಕೈಗೆ ಕೆಲಸ ಒದಗಿಸುವ ಯೋಜನೆಯನ್ನು ಪ್ರತಿ ಸಂಸ್ಥೆಯೂ ಪಶುವೈದ್ಯರ ನಿರ್ದೇಶನದಂತೆ ಬರೆದಿಡಬೇಕಾಯಿತು. ಮೊಂಟಾನಾದಲ್ಲಿ ಕೋತಿಗಳಿಗೆ ಮತವೂ ಇಲ್ಲ, ಮಾಲೀಕರ ಸಂಘವೂ ಇಲ್ಲ. ವಿಚಿತ್ರವೆಂದರೆ, ಅವರಿಗೆ ಅನ್ನ ಕೊಟ್ಟ ಮಾಂಸದ ದನಗಳು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ವೈದ್ಯರು ಸಂಸತ್ತಿಗೆ ಹೋಗುವುದಕ್ಕೆ ಅರ್ಥವಿದೆ ಎಂದು ನನಗೆ ಅನ್ನಿಸಿದ್ದು ಈ ಒಂದು ಸಾಲಿನಿಂದ, ಆ ಹಸುಗಳ ಜಾಹೀರಾತಿನಿಂದಲ್ಲ.

ಈಗ ನಿನ್ನನ್ನು ಕೇಳುತ್ತೇನೆ, ದೆಹಲಿಯಲ್ಲಿ ನೀನು ಬರೆಯುವ ಸಾಲು ಯಾವುದು? ಔಷಧ, ಸಿಬ್ಬಂದಿ, ವರ್ಗಾವಣೆ ಎಂದು ನೀನು ಯಾವಾಗಲೂ ಹೇಳುವುದೆಲ್ಲ ವಿಧಾನಸೌಧದ ಬಾಬತ್ತು. ಪಶುವೈದ್ಯ ಶಿಕ್ಷಣ, ವೃತ್ತಿ, ಜಾನುವಾರು ರೋಗ ತಡೆ ಇವು ಸಂವಿಧಾನದ ರಾಜ್ಯ ಪಟ್ಟಿಯ 15ನೇ ನಮೂದಿನಲ್ಲಿವೆ. ನಿನ್ನ ಕೋಪ ಅದರ ಮೇಲಾದರೆ ವಿಧಾನಸಭೆಗೆ ನಿಲ್ಲು. ಸಾಂಕ್ರಾಮಿಕ ರೋಗ ರಾಜ್ಯದ ಗಡಿ ದಾಟುವ ಪ್ರಶ್ನೆ ಮಾತ್ರ ಸಮವರ್ತಿ ಪಟ್ಟಿಯದು, ಅಂದರೆ ಅದರ ಮೇಲೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಸಂಸತ್ತು 2009ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. 2022ರಲ್ಲಿ ಚರ್ಮಗಂಟು ರೋಗ ಊರೂರು ಸುತ್ತಿದಾಗ ಸಂತೆ ನಿಲ್ಲಿಸುವುದು, ಲಾರಿ ತಡೆಯುವುದು, ಲಸಿಕೆ ಹಾಕುವುದು ಏನೆಂದು ನೀನು ಕಣ್ಣಾರೆ ಕಂಡಿದ್ದೀಯ. ಆ ಕಾಯ್ದೆಯನ್ನು ತೆಗೆದು ಓದು. ಎಲ್ಲಿ ಸಡಿಲವಿದೆ ಎಂದು ವಕೀಲರಿಗಿಂತ ಬೇಗ ನಿನಗೇ ಕಾಣುತ್ತದೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನೂ ನೋಡು. ಮೊದಲ ಸಲ ಹಿಂಸೆ ಮಾಡಿದವನಿಗೆ ಹೆಚ್ಚೆಂದರೆ ಐವತ್ತು ರೂಪಾಯಿ ದಂಡ ಎಂದು 1960ರಲ್ಲಿ ಬರೆದರು. ಅರವತ್ತು ವರ್ಷ ಕಳೆದರೂ ಆ ಅಂಕಿಯನ್ನು ಯಾರೂ ಮುಟ್ಟಿರಲಿಲ್ಲ.

ಇಂಥದ್ದೊಂದು ನಿನ್ನ ಕೈಯಲ್ಲಿದ್ದರೆ ಹೋಗು, ನಾನೇ ಹಿಂದೆ ನಿಲ್ಲುತ್ತೇನೆ. ಅದಿಲ್ಲದೆ ಹೋದರೆ, ಪಕ್ಷದವರು ನಿನ್ನ ಕೊರಳಿಗೆ ಸ್ಟೆತಾಸ್ಕೋಪ್ ಹಾಕಿ, ಪಕ್ಕದಲ್ಲಿ ಹಳ್ಳಿಕಾರ್ ಹೋರಿಯೊಂದನ್ನು ನಿಲ್ಲಿಸಿ ಫೋಟೋ ಹೊಡೆಸಿ ಫ್ಲೆಕ್ಸ್ ಕಟ್ಟುತ್ತಾರೆ, ಅಷ್ಟೆ.

ವ್ಯವಹಾರದ ಮಾತು. ಸರ್ಕಾರಿ ಸಂಬಳದಲ್ಲಿರುವವರು ಸಂಸತ್ತಿಗೆ ನಿಲ್ಲುವಂತಿಲ್ಲ, ರಾಜೀನಾಮೆ ಬರೆದರೆ ಸಾಲದು, ಅದು ಅಂಗೀಕಾರವಾಗಿರಬೇಕು. ಲೋಕಸಭೆಗೆ ಠೇವಣಿ 25,000 ರೂಪಾಯಿ. ಸೋತವರಿಗೆ ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಅದೂ ಹೋಗುತ್ತದೆ. ಠೇವಣಿ ಹೋದರೆ ಹೋಗಲಿ, ಕೆಲಸ ಮರಳಿ ಸಿಗುವುದಿಲ್ಲ. ಬಿಡಲೇಬೇಕೆಂದಿದ್ದರೆ, ನೇರ ಲೋಕಸಭೆಗೆ ನಿಲ್ಲುವ ಬದಲು ಒಂದೆರಡು ವರ್ಷ ಸ್ವಂತ ಚಿಕಿತ್ಸಾಲಯ ನಡೆಸು. ಸರ್ಕಾರದ ಜೀಪು ಇಲ್ಲದ ಮೇಲೂ ಎಷ್ಟು ಜನ ಬಾಗಿಲಿಗೆ ಬರುತ್ತಾರೆ ಎಂದು ನೋಡು. ಅಷ್ಟರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದರೆ ಅದಕ್ಕೆ ನಿಲ್ಲು. ಅಲ್ಲಿ ಪಕ್ಷದ ಚಿಹ್ನೆಯ ಗೊಡವೆಯೂ ಇಲ್ಲ.

ನಿನ್ನ ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ನಾನಂತೂ ಹೇಳುವುದಿಲ್ಲ. ನೀನೇ ಭಾನುವಾರ ಬಂದು ಹೇಳು, ಫೋನಿನಲ್ಲಿ ಬೇಡ.

ಇತಿ,
ನಿನ್ನ ದೊಡ್ಡಪ್ಪ